ಇಬ್ಬರಿಗೂ ಒಬ್ಬರೇ ವಕೀಲರು ಸಾಕೆ?

‘ಹೇಗೂ ಇಬ್ಬರೂ ಒಪ್ಪಿದ್ದೀರಿ. ಒಬ್ಬರೇ ವಕೀಲರು ಸಾಕು, ಖರ್ಚೂ ಉಳಿಯುತ್ತೆ.’ ಪರಸ್ಪರ ಒಪ್ಪಿಗೆಯ ವಿಚ್ಛೇದನ ಎಂದೊಡನೆ ಹಿರಿಯರೊಬ್ಬರು ಈ ಮಾತು ತೆಗೆಯುತ್ತಾರೆ. ಆ ಒಬ್ಬರನ್ನು ಗೊತ್ತುಮಾಡಿ ಫೀಸು ಕೊಡುವವರು ಹೆಚ್ಚಾಗಿ ಗಂಡಿನ ಕಡೆಯವರು. ಇದನ್ನು ನಾನು ಉಳಿತಾಯ ಅನ್ನಲಾರೆ.

ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್‌ನಲ್ಲಿ ಅರ್ಜಿ ಕೊಟ್ಟ ಮೇಲೆ ಆರು ತಿಂಗಳು ಕಾಯಬೇಕು. ಡಿಕ್ರಿ ಆಗುವ ತನಕ ಒಪ್ಪಿಗೆಯನ್ನು ಹಿಂಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಸೂಕ್ತ ಪ್ರಕರಣಗಳಲ್ಲಿ ಆ ಕಾಯುವಿಕೆಗೆ ವಿನಾಯಿತಿ ಕೊಡಬಹುದು ಎಂದು 2017ರಲ್ಲಿ ಹೇಳಿತು. ಮತ್ತೆ ಯೋಚಿಸುವುದೋ, ಬೇಗ ಮುಗಿಸುವುದೋ? ಹೆಣ್ಣುಮಗಳು ಇದನ್ನು ಯಾರಲ್ಲಿ ಕೇಳಬೇಕು, ಗಂಡ ಫೀಸು ಕೊಟ್ಟ ವಕೀಲರಲ್ಲೇ? ‘ಮುಂದೆಂದೂ ಜೀವನಾಂಶ ಕೇಳುವುದಿಲ್ಲ’ ಎಂಬ ಸಾಲು ಇಂಗ್ಲಿಷ್ ಅರ್ಜಿಯ ನಾಲ್ಕನೇ ಪುಟದಲ್ಲಿದ್ದರೆ ಅದನ್ನು ಓದಿ ಹೇಳುವವರು ಯಾರು? ತವರಿನ ಒಡವೆಯ ಪಟ್ಟಿ ಬಿಟ್ಟುಹೋಗಿದೆ ಎಂದು ನೆನಪಿಸುವವರು?

ದುಡ್ಡಿಲ್ಲ ಎಂಬ ನೆಪವೂ ನಿಲ್ಲದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಣ್ಣಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಜಿಲ್ಲಾ ಪ್ರಾಧಿಕಾರದ ಕಚೇರಿ ಸಾಮಾನ್ಯವಾಗಿ ಕೋರ್ಟಿನ ಆವರಣದಲ್ಲೇ ಇರುತ್ತದೆ.

ಮದುವೆಗೆ ಎರಡೂ ಕಡೆಯ ಪುರೋಹಿತರನ್ನು ಕೂರಿಸಿದ ಹಿರಿಯರಿಗೆ ಇಲ್ಲಿ ಮಾತ್ರ ಒಬ್ಬರು ಸಾಕಾಗುವುದು ಹೇಗೆ?