ಹೊತ್ತು ಮೀರಿದ ತಿಂಡಿ, ಹೊತ್ತಿಗೆ ಸರಿಯಾದ ಮಾತ್ರೆ

ಹೋದ ಬೇಸಿಗೆಯಲ್ಲಿ ಶಿಕಾಗೋದಲ್ಲಿರುವ ಅಕ್ಕನ ಮಗಳ ಮನೆಗೆ ಹೋಗಿದ್ದೆ. ಅಕ್ಕ, ಭಾವ ಆಗಲೇ ಅಲ್ಲಿದ್ದರು. ಭಾನುವಾರ ಎಲ್ಲರೂ ಹೊಸ ಮಾದರಿಯ ಮೆಕ್ಸಿಕನ್ ಹೋಟೆಲಿಗೆ ‘ಬ್ರಂಚ್’ಗೆಂದು ಹೊರಟೆವು. ಬೆಳಗಿನ ಬ್ರೇಕ್‌ಫಾಸ್ಟ್, ಮಧ್ಯಾಹ್ನದ ಲಂಚ್ ಎರಡನ್ನೂ ಬೆರೆಸಿದ ಊಟವಿದು. ಹೊತ್ತು ಏರಿದ ಮೇಲೇ ಶುರು.

ಭಾವನಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಶಿಸ್ತಿನ ಮನುಷ್ಯ. ಎಂಟು ಗಂಟೆಗೆ ತಪ್ಪದೆ ಗ್ಲಿಮೆಪಿರೈಡ್ ಮಾತ್ರೆ ನುಂಗಿದರು. ‘ಹೋಟೆಲಿನಲ್ಲಿ ತಿನ್ನುವುದಿದೆಯಲ್ಲ’ ಎಂದು ತಿಂಡಿ ಬಿಟ್ಟರು. ಹನ್ನೊಂದೂವರೆಗೆ ತಲುಪಿದೆವು; ಮೇಜು ಸಿಗಲು ಮುಕ್ಕಾಲು ಗಂಟೆ ಕಾಯಬೇಕಿತ್ತು. ಬೆಂಚಿನ ಮೇಲೆ ಕುಳಿತ ಭಾವ ಬೆವರತೊಡಗಿದರು. ಕೈ ನಡುಗಿತು. ಎಂದೂ ಗದರದವರು ಮೊಮ್ಮಗಳ ಮೇಲೆ ಸಿಡುಕಿದರು. ಮಗಳು ‘ಸೆಖೆ ಇರಬೇಕು’ ಎಂದಳು. ಗ್ಲುಕೋಮೀಟರ್ ತೋರಿಸಿದ್ದು 54.

ಕಿತ್ತಳೆ ರಸ ಕೇಳಿದೆ. ಬಂದದ್ದು ಷಾಂಪೇನ್ ಬೆರೆಸಿದ ‘ಮಿಮೋಸಾ’! ಹಿಂದಕ್ಕೆ ಕಳಿಸಿ ಬರಿಯ ರಸ ತರಿಸಿದೆ. ಕಾಲು ಗಂಟೆಯಲ್ಲಿ ಚೇತರಿಸಿಕೊಂಡರು. ವೈದ್ಯನಾದ ನಾನು ಜೊತೆಯಲ್ಲೇ ಇದ್ದೂ ಬೆಳಿಗ್ಗೆ ‘ಏನು ತಿಂದಿರಿ ಭಾವ?’ ಎಂದು ಕೇಳಿರಲಿಲ್ಲ. ತಪ್ಪು ನನ್ನದೇ.

ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಎಂದು ಅವು ಕಾಯುವುದಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಮದ್ಯ ಸೇರಿದರಂತೂ ಯಕೃತ್ತು ರಕ್ತಕ್ಕೆ ಸಕ್ಕರೆ ಒದಗಿಸುವ ಕೆಲಸವೂ ಕುಂಠಿತವಾಗುತ್ತದೆ.

ಹಾಗೆಂದು ಮೆಕ್ಸಿಕೋದ ಅಡುಗೆಯನ್ನು ದೂರಲಾರೆ. ಅಲ್ಲಿನವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ರುಬ್ಬಿ ‘ತೋರ್ತಿಯಾ’ ರೊಟ್ಟಿ ತಟ್ಟುತ್ತಾರೆ. ಸುಣ್ಣದಿಂದ ಕ್ಯಾಲ್ಸಿಯಂ ಸಿಗುತ್ತದೆ. ಕಾಳಿನಲ್ಲಿ ಬಂಧಿತವಾಗಿರುವ ನಯಾಸಿನ್ ಜೀವಸತ್ವ ಬಿಡುಗಡೆಯಾಗುತ್ತದೆ. ಜೋಳವನ್ನು ಕೊಂಡೊಯ್ದು ಈ ಕ್ರಮವನ್ನು ಅಲ್ಲೇ ಬಿಟ್ಟ ಯೂರೋಪಿನಲ್ಲಿ ಬಡವರನ್ನು ಪೆಲಾಗ್ರಾ ರೋಗ ಕಾಡಿತು. ರೊಟ್ಟಿಯ ಜೊತೆ ಹುರುಳಿಕಾಯಿ ಜಾತಿಯ ಕಾಳು ಸೇರಿದರೆ ಪ್ರೋಟೀನು ಪರಿಪೂರ್ಣ, ನಮ್ಮ ಅನ್ನ–ಬೇಳೆಯ ಹಾಗೆ. 2010ರಲ್ಲಿ ಯುನೆಸ್ಕೋ ಈ ಅಡುಗೆಯನ್ನು ಮಾನವಕುಲದ ಪರಂಪರೆಯೆಂದು ಗುರುತಿಸಿದ್ದು ಸುಮ್ಮನಲ್ಲ.

ಆದರೆ ಬ್ರಂಚಿನ ತಟ್ಟೆಗೆ ಬರುವುದೇ ಬೇರೆ. ‘ಚಿಲಾಕಿಲೆಸ್’ ಎಂದರೆ ಕರಿದ ರೊಟ್ಟಿಯ ಚೂರುಗಳ ಮೇಲೆ ಸಾಲ್ಸಾ, ಚೀಸ್, ಕೆನೆ. ಕುಳಿತ ಕೂಡಲೇ ಕರಿದ ಚಿಪ್ಸ್. ಅರೆದ ಕಾಳಿನ ಪಲ್ಯಕ್ಕೆ ಹಂದಿಯ ಕೊಬ್ಬು ಬೆರೆಸುವ ಪದ್ಧತಿಯೂ ಇದೆ, ಸಸ್ಯಾಹಾರಿಗಳು ವಿಚಾರಿಸಿಕೊಳ್ಳಬೇಕು. ನಾನು ಆರಿಸಿದ್ದು ಮೆದು ರೊಟ್ಟಿ, ಕಾಳು, ಪಾಪಸುಕಳ್ಳಿಯ ಪಲ್ಯ. ಕಳ್ಳಿ ನಿಜಕ್ಕೂ ರುಚಿಯಾಗಿತ್ತು!

ಮಕ್ಕಳ ಮನೆಗೆ ಹೋಗುವ ಹಿರಿಯರು, ಕರೆಸಿಕೊಳ್ಳುವ ಮಕ್ಕಳು ಇಷ್ಟು ನೆನಪಿಡಲಿ. ಊಟ ತಡವಾಗುವ ದಿನ ಎಂದಿನ ಹೊತ್ತಿಗೇ ಎರಡು ಇಡ್ಲಿಯನ್ನೋ ಚಪಾತಿಯನ್ನೋ ತಿಂದೇ ಹೊರಡಿ. ಮಾತ್ರೆ, ಇನ್ಸುಲಿನ್ನಿನ ಹೊತ್ತು ಬದಲಿಸುವುದನ್ನು ನಿಮ್ಮ ವೈದ್ಯರಿಂದ ಮೊದಲೇ ತಿಳಿದುಕೊಳ್ಳಿ. ಜೇಬಿನಲ್ಲಿ ಗ್ಲುಕೋಸ್ ಇರಲಿ. ಬೆವರು, ನಡುಕ, ಸಿಡುಕು, ತೊದಲು ಕಂಡರೆ ಮೂರು ಟೀ ಚಮಚ ಸಕ್ಕರೆ ಕದಡಿದ ನೀರು ಕೊಡಿ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೆ ಕೊಡಿ, ಬಳಿಕ ಊಟ ಮಾಡಿಸಿ. ಈ ಮಾತ್ರೆಗಳ ಪ್ರಭಾವ ದೀರ್ಘವಾದ್ದರಿಂದ ಇಡೀ ದಿನ ಗಮನವಿರಲಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಿ.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತೇವೆ. ಸಕ್ಕರೆ ಕಾಯಿಲೆಯವರು ಊಟದ ಹೊತ್ತನ್ನೂ ಬಲ್ಲವರಾಗಬೇಕು. ಮುಂದಿನ ಭಾನುವಾರ ಭಾವ ಒಂದು ಬಟ್ಟಲು ಉಪ್ಪಿಟ್ಟು ತಿಂದೇ ಬ್ರಂಚಿಗೆ ಹೊರಟರು.