ತವರಿನ ತಂಡವೋ, ಗಂಡನ ಮನೆಯ ತಂಡವೋ?



ಕಳೆದ ತಿಂಗಳು ಮಗಳ ಶಾಲೆಯಿಂದ ಒಂದು ಚೀಟಿ ಬಂತು. ಎಂಟನೆಯ ತರಗತಿಯ ಹುಡುಗಿ. ಖೋ ಖೋ ತಂಡಕ್ಕೆ ಆರಿಸಿದ್ದಾರೆ, ತಾಲೂಕು ಪಂದ್ಯಕ್ಕೆ ವಾಡಿಯಿಂದ ಚಿತ್ತಾಪುರಕ್ಕೆ ಕಳಿಸಬೇಕು, ಪಾಲಕರ ಸಹಿ ಬೇಕು ಎಂದಿತ್ತು. ಅದೇ ದಿನ ನಮ್ಮ ಮನೆಗೆ ಬೀಗರು ಬರುವವರಿದ್ದರು. "ಈಗೇನು ಆಟ? ಮನಿಯಾಗ ಕೆಲಸ ಎಷ್ಟದ ನೋಡು" ಎಂದುಬಿಟ್ಟೆ. ಮಗಳು ಎದುರು ಮಾತಾಡಲಿಲ್ಲ. ಚೀಟಿ ಮಡಚಿಟ್ಟು ಮುಸುರೆ ತಿಕ್ಕಲು ಕೂತಳು. ಪಾತ್ರೆಗಳ ಸದ್ದಿನಲ್ಲೇ ಅವಳ ಮನಸ್ಸು ತಿಳೀತಿತ್ತು. ಹೊರಗೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ನಮ್ಮ ಅತ್ತೆಯವರು ತಲೆ ಎತ್ತದೆ ಕೇಳಿದರು: "ಗಂಡು ಹುಡುಗ ಆಗಿದ್ರ ಕಳಸ್ತಿದ್ದಿಲ್ಲೇನವ್ವಾ?"

ನನ್ನ ಹತ್ತಿರ ಉತ್ತರವಿರಲಿಲ್ಲ.

ಆ ಮಾತು ಮನಸ್ಸನ್ನು ಕೊರೆಯುತ್ತಿದ್ದಾಗಲೇ ಕೊಡಗಿನ ಹಾಕಿ ಹಬ್ಬದ ವಿಷಯ ಓದಿದೆ. ಓದಿದ್ದನ್ನು ನಿಮಗೂ ಹೇಳದಿದ್ದರೆ ಸಮಾಧಾನವಿಲ್ಲ.

ಕೊಡವರಲ್ಲಿ ಒಬ್ಬನೇ ಮೂಲಪುರುಷನಿಂದ ಬಂದ ಮನೆತನಕ್ಕೆ 'ಒಕ್ಕ' ಎನ್ನುತ್ತಾರೆ. ಒಕ್ಕಕ್ಕೊಂದು ಹಿರಿಯರ ಮನೆ, ಅದು 'ಐನ್‌ಮನೆ'. ವ್ಯಕ್ತಿಯ ಹೆಸರಿಗಿಂತ ಮೊದಲು ಒಕ್ಕದ ಹೆಸರು ಬರುತ್ತದೆ. ದಂಡಿಗೆ ಸೇರುವುದು ಅವರಲ್ಲಿ ಹಿಂದಿನಿಂದ ಬಂದ ರೂಢಿ. ಸೆಪ್ಟೆಂಬರಿನಲ್ಲಿ ಗದ್ದೆ ನಾಟಿ ಮುಗಿದ ಮೇಲೆ ಬರುವ 'ಕೈಲ್ ಪೊಳ್ದ್' ಹಬ್ಬದಲ್ಲಿ ಕೋವಿ, ಕತ್ತಿಗಳಿಗೆ ಪೂಜೆ. ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಗುಂಡು ಹೊಡೆಯುವ ಪಂದ್ಯ. ಹೀಗೆ ಆಟ, ಹಬ್ಬ, ಮನೆತನ ಮೂರೂ ಅಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಇಂಥ ನೆಲಕ್ಕೆ ಬ್ರಿಟಿಷರ ಕಾಲದ ಹಾಕಿ ಬಂದರೆ ಸುಮ್ಮನಿರುತ್ತದೆಯೇ? ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ತಂಡದ ಎಂ. ಎಂ. ಸೋಮಯ್ಯ, ಎಲ್ಲರೂ ಕೊಡಗಿನವರೇ.

ಕಾಲ ಕಳೆದಂತೆ ನೌಕರಿಯೆಂದು ಮಂದಿ ಊರೂರು ಚದುರಿದರು. ಚದುರಿದ ಮನೆತನಗಳನ್ನು ಒಂದೆಡೆ ಸೇರಿಸಬೇಕೆಂದು ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಎಂಬ ಊರಿನಲ್ಲಿ ಒಕ್ಕಗಳ ಮಧ್ಯೆ ಹಾಕಿ ಪಂದ್ಯ ಏರ್ಪಡಿಸಿದರು. ಮೊದಲ ವರ್ಷ ಬಂದದ್ದು 60 ಮನೆತನಗಳು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಗೆ ಬಂದ ತಂಡಗಳು 396! ಪ್ರತಿ ವರ್ಷ ಒಂದೊಂದು ಮನೆತನ ಹೊಣೆ ಹೊರುತ್ತದೆ, ಆ ವರ್ಷದ ಕಪ್ಪಿಗೆ ಅವರದೇ ಹೆಸರು. ಒಂದು ದೊಡ್ಡ ಮದುವೆ ಮಾಡಿದ ಹಾಗೆ ಅಂದುಕೊಳ್ಳಿ.

ನನಗೆ ಬೆರಗೆನಿಸಿದ್ದು ಮುಂದಿನ ಸಂಗತಿ. ಇಲ್ಲಿ ಹೆಂಗಸರೂ ಗಂಡಸರ ಜೊತೆಗೇ ಆಡಬಹುದು. ಅಜ್ಜ, ಮೊಮ್ಮಗಳು, ಚಿಕ್ಕಪ್ಪ, ಸೊಸೆ ಒಂದೇ ತಂಡದಲ್ಲಿ ಕೋಲು ಹಿಡಿಯಬಹುದು. ಮದುವೆಯಾದ ಹೆಣ್ಣುಮಗಳು ತವರಿನ ಪರವಾಗಿ ಆಡಬೇಕೋ, ಗಂಡನ ಮನೆಯ ಪರವಾಗಿಯೋ ಎಂಬುದು ಅವಳ ಇಷ್ಟಕ್ಕೇ ಬಿಟ್ಟದ್ದು. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಗಾದೆ ಕೇಳುತ್ತಲೇ ಬೆಳೆದವರು ನಾವು. ನೀವೇ ಹೇಳಿ, ನಿಮ್ಮನ್ನು ಯಾರಾದರೂ ಹೀಗೆ ಕೇಳಿದ್ದರೆ ಯಾವ ಕಡೆಗೆ ಆಡುತ್ತಿದ್ದಿರಿ?

ಆಟದ ನಿಯಮ ಪುಸ್ತಕದಲ್ಲಿರುತ್ತದೆ, ಆದರೆ ಆಡುವ ರೀತಿಗೆ ಅಚ್ಚು ಹಾಕುವುದು ಮನೆ ಮತ್ತು ನೆಲ. ದೂರದ ಹಾಲೆಂಡಿನ ಫುಟ್‌ಬಾಲನ್ನೇ ನೋಡಿ. ಆ ದೇಶದ ಕಾಲು ಭಾಗದಷ್ಟು ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಒಡ್ಡು ಕಟ್ಟಿ, ನೀರು ಹೊರಹಾಕಿ ಪಡೆದ ನೆಲ. ಗೇಣು ಜಾಗವನ್ನೂ ಲೆಕ್ಕ ಹಾಕಿ ಬಳಸಬೇಕು. ಆ ಅಭ್ಯಾಸವೇ ಅವರ ಆಟಕ್ಕೂ ಇಳಿಯಿತೆಂದು ಡೇವಿಡ್ ವಿನ್ನರ್ ಎಂಬ ಇಂಗ್ಲಿಷ್ ಲೇಖಕರು 2000ದಲ್ಲಿ ಒಂದು ಪುಸ್ತಕವನ್ನೇ ಬರೆದರು. ರಿನುಸ್ ಮಿಕೆಲ್ಸ್ ತರಬೇತಿಯಲ್ಲಿ ಯೋಹಾನ್ ಕ್ರೈಫ್ ಮುಂದಾಳಾಗಿ 1974ರ ವಿಶ್ವಕಪ್ಪಿನಲ್ಲಿ ಆಡಿದ ತಂಡದಲ್ಲಿ ಹಿಂದೆ ಕಾಯುವವನು ಮುಂದೆ ಓಡಿದರೆ ಇನ್ನೊಬ್ಬ ಕೂಡಲೇ ಅವನ ಜಾಗ ತುಂಬುತ್ತಿದ್ದ. ಇದಕ್ಕೆ 'ಟೋಟಲ್ ಫುಟ್‌ಬಾಲ್' ಎಂದು ಹೆಸರು. ಫೈನಲಿನಲ್ಲಿ ಪಶ್ಚಿಮ ಜರ್ಮನಿಗೆ 2–1ರಿಂದ ಸೋತರೂ ಜಗತ್ತು ಆ ಆಟವನ್ನು ಮರೆಯಲಿಲ್ಲ.

ನಮಗೇನು ಇದು ಹೊಸದಲ್ಲ. ಒಬ್ಬಳು ರೊಟ್ಟಿ ಬಡಿಯುತ್ತಾ ಅಳುವ ಕೂಸಿಗಾಗಿ ಎದ್ದರೆ, ಇನ್ನೊಬ್ಬಳು ಹೇಳಿಸಿಕೊಳ್ಳದೆ ಹಂಚಿನ ಮುಂದೆ ಕೂರುವುದಿಲ್ಲವೇ?

ನಮ್ಮ ಕಡೆಯ ಆಟಕ್ಕೂ ನಮ್ಮ ನೆಲದ್ದೇ ಅಚ್ಚು. ಶಹಾಬಾದಿನ ಪರಸಿ ಕಲ್ಲು ಹಾಸಿದ ಅಂಗಳದಲ್ಲಿ ಕುಂಟೆಬಿಲ್ಲೆಗೆ ಗೆರೆ ಎಳೆಯುವುದೇ ಬೇಡ, ಕಲ್ಲಿನ ಚೌಕಗಳೇ ಸಾಕು. ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ನಾಗರ ಪಂಚಮಿ ಬಂತೆಂದರೆ ಅಣ್ಣ ಕರೆಯಲು ಬರಬೇಕು, ಉಂಡಿ, ಅಳ್ಳು ತಿನ್ನಬೇಕು, ಬೇವಿನ ಮರದ ಜೋಕಾಲಿ ಜೀಕಬೇಕು. ಮದುವೆಯಾದವಳು ಸೆರಗು ಕಟ್ಟಿ ಆಡಿದರೆ ಆ ದಿನ ಯಾರೂ ಏನೂ ಅನ್ನುವುದಿಲ್ಲ. ಆದರೆ ಅದು ತವರಿನಲ್ಲಿ, ವರ್ಷಕ್ಕೊಮ್ಮೆ. ಗಂಡನ ಮನೆಗೆ ತಿರುಗಿ ಬಂದೆವೆಂದರೆ ಆಟ ಮುಗಿಯಿತು. ಮಗಳಿಗಾದರೆ ಇನ್ನೂ ಮೊದಲೇ ಮುಗಿಯುತ್ತದೆ: ದೊಡ್ಡವಳಾದಳು, ಸಾಕು ಎನ್ನುತ್ತೇವೆ. ಈ ಮಾತು ಹೇಳುವವರು ಹೆಚ್ಚಾಗಿ ಗಂಡಸರಲ್ಲ, ನಾವೇ.

ಆ ರಾತ್ರಿ ಚೀಟಿ ಹುಡುಕಿ ಸಹಿ ಮಾಡಿದೆ. ಬೀಗರು ಬಂದ ದಿನ ಮಗ ನೀರು ತುಂಬಿ ತಾಟು ಹಾಕಿದ, ನಮ್ಮ ಯಜಮಾನರು ಚಹಾ ಕೊಟ್ಟರು, ಅತ್ತೆ ಪಲ್ಯ ಹೆಚ್ಚಿದರು. ಮಗಳ ತಂಡ ಎರಡನೆಯ ಸುತ್ತಿನಲ್ಲಿ ಸೋತಿತು. ಸಂಜೆ ಮೊಣಕಾಲು ತರಚಿಕೊಂಡು ಬಂದವಳಿಗೆ ಅತ್ತೆಯೇ ಅರಿಶಿನ ಹಚ್ಚುತ್ತಾ, "ಸೋತ್ರೇನಾತು, ಎಷ್ಟು ಮಂದೀನ ಔಟ್ ಮಾಡಿದಿ ಹೇಳು" ಎಂದರು. ಬೀಗರೂ ಕೂತು ಕೇಳಿದರು.

ನಿಮ್ಮ ಮನೆಗೂ ಇಂಥ ಚೀಟಿ ಬಂದರೆ, ಬೇಡ ಎನ್ನುವ ಮೊದಲು ಒಂದು ರಾತ್ರಿ ತಡೆಯಿರಿ. ಮತ್ತೆ, ನೀವು ಚಿಕ್ಕಂದಿನಲ್ಲಿ ಯಾವ ಆಟ ಆಡುತ್ತಿದ್ದಿರಿ, ಯಾವಾಗ ಬಿಟ್ಟಿರಿ? ಬಿಡುವಾದಾಗ ಬರೆದು ತಿಳಿಸಿ.