ತಿರುಚಿದವರು ಯಾರು?

ಹಾಸ್ಟೆಲಿನ ಅನ್ನದಲ್ಲಿ ಹುಳ ಇದೆ ಅಂತ ಅರ್ಜಿ ಬರೆದರೆ ‘ವಿಷಯ ತಿರುಚಬೇಡಿ’ ಅಂತಾರೆ. ಊರಲ್ಲಿ ನಮಗೆ ಬೇರೆ ಲೋಟ ಯಾಕೆ ಅಂತ ಕೇಳಿದರೆ ‘ಎಲ್ಲದಕ್ಕೂ ಜಾತಿ ತಂದು ತಿರುಚ್ತೀರಿ’ ಅಂತಾರೆ. ಇದನ್ನು ಕೇಳಿ ಕೇಳಿ ನಮ್ಮಲ್ಲೇ ಕೆಲವರು ಅರ್ಜಿಗೆ ಸಹಿ ಹಾಕಲು ಹೆದರುತ್ತಿದ್ದಾರೆ. ಅದಕ್ಕೇ ಈ ಸಲ ಈ ಒಂದು ಮಾತನ್ನು ಹಿಡಿದು ನೋಡೋಣ.

ನಮ್ಮ ಅಜ್ಜಂದಿರು ಹಗ್ಗ ಹೊಸೆದವರು. ಹೊಸೆಯುವುದರಲ್ಲೂ ನಾರು ಸುತ್ತುತ್ತದೆ, ತಿರುಚುವುದರಲ್ಲೂ ಸುತ್ತುತ್ತದೆ. ಆದರೆ ಹೊಸೆದರೆ ಬಿಡಿ ನಾರಿಗೆ ಬಲ ಬರುತ್ತದೆ. ತಿರುಚಿದರೆ ಇದ್ದ ಆಕಾರವೂ ಕೆಡುತ್ತದೆ. ಕೈ ತಿರುಚುತ್ತಾರೆ, ಕತ್ತು ತಿರುಚುತ್ತಾರೆ, ಮಾತು ತಿರುಚುತ್ತಾರೆ. ಯಾವುದನ್ನು ತಿರುಚಬೇಕಾದರೂ ಮೊದಲು ಹಿಡಿತ ಬೇಕು. ನಮ್ಮ ಸೀಮೆಯಲ್ಲಿ ಆ ಹಿಡಿತ ಯಾರ ಕೈಲಿತ್ತು?

ತಾಳಗುಪ್ಪದಿಂದ ದೂರ ಹೋಗುವುದು ಬೇಡ. ನಮ್ಮ ತಾಲ್ಲೂಕಿನದೇ ಕಾಗೋಡು. ಕೊಳಗ ಅಂದರೆ ಮೂರು ಸೇರು. ಗೇಣಿ ಬತ್ತ ಅಳೆದುಕೊಳ್ಳಲು ಒಡೆಯರು ಇಟ್ಟುಕೊಂಡಿದ್ದ ಕೊಳಗ ಅದಕ್ಕಿಂತ ದೊಡ್ಡದು. ಹೆಸರು ಅದೇ, ಹೊಟ್ಟೆ ಮಾತ್ರ ಬೇರೆ. 1951ರಲ್ಲಿ ಎಚ್. ಗಣಪತಿಯಪ್ಪನವರ ಜೊತೆ ದೀವರ ಗೇಣಿದಾರರು ಎದ್ದು ನಿಂತರು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಜನ ಕೇಳಿದ್ದು ಹೊಸದೇನಲ್ಲ: ಕೊಳಗ ಅನ್ನುವ ಮಾತಿಗೆ ಕೊಳಗದ ಅರ್ಥವೇ ಇರಲಿ ಅಂತ.

ಆಮೇಲೆ ‘ಉಳುವವನೇ ಹೊಲದೊಡೆಯ’ ಎಂಬ ಕೂಗು ಬಂತು. 1974ರ ತಿದ್ದುಪಡಿಯಿಂದ ಸಾವಿರಾರು ಗೇಣಿದಾರರು ಒಡೆಯರಾದರು. ಅದು ದೊಡ್ಡ ಕೆಲಸ, ಅದನ್ನು ನಾವು ಹಳಿಯುವುದಿಲ್ಲ. ಆದರೆ ಕಾಯ್ದೆಯ ಪುಸ್ತಕ ತೆಗೆದು ಓದಿ. ಕೂಲಿ ಕೊಟ್ಟು ಆಳಿನ ಕೈಲಿ ಮಾಡಿಸಿ, ತಾನು ಮೇಲುಸ್ತುವಾರಿ ನೋಡಿಕೊಂಡರೂ ಅದು ‘ಸ್ವಂತ ಸಾಗುವಳಿ’ಯೇ! ನೇಗಿಲು ಹಿಡಿದವನು ನಮ್ಮಪ್ಪ, ಉಳುವವನು ಅನ್ನಿಸಿಕೊಂಡವನು ಬದುವಿನ ಮೇಲೆ ನಿಂತವನು. ಗೇಣಿದಾರ ಏಳನೇ ನಂಬರಿನ ಫಾರಂ ತುಂಬಿದ. ಉತ್ತ ನೆಲ ಕೇಳಲು ಕೂಲಿಯವನಿಗೆ ಯಾವ ಫಾರಂ ಇತ್ತು? 2020ರಲ್ಲಿ ಅದೇ ಕಾಯ್ದೆ ತಿದ್ದಿ, ಬೇಸಾಯವೇ ಮಾಡದವರೂ ಹೊಲ ಕೊಳ್ಳಬಹುದು ಅಂದರು. ಅದರ ಹೆಸರು ಇನ್ನೂ ಭೂ‘ಸುಧಾರಣೆ’.

ಇನ್ನು ಬೂಸಾ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅಂದದ್ದು ನಿಜ, ಮುಚ್ಚಿಡುವ ಅಗತ್ಯವಿಲ್ಲ. ಸಾಹಿತ್ಯದ ಬಗ್ಗೆ ಆಡಿದ ಆ ಮಾತನ್ನು ಕನ್ನಡ ತಾಯಿಗೆ ಬೈದ ಮಾತು ಅಂತ ತಿರುಚಿದರು. ಮಾತು ತಿರುಚಿದ ಕೈಗಳೇ ದಲಿತ ಹುಡುಗರ ಕೈಯನ್ನೂ ತಿರುಚಿದವು. ಹಾಸ್ಟೆಲುಗಳ ಮೇಲೆ ಹಲ್ಲೆ ನಡೆಯಿತು. ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ನಮ್ಮ ಮಲೆನಾಡಿನ ಕುಪ್ಪಳಿಯ ಕುವೆಂಪು ಮಾತ್ರ, ಆ ಗದ್ದಲದಲ್ಲೂ, ಅವರ ಮಾತಿನಲ್ಲಿ ಸತ್ಯವಿದೆ ಅಂದರು. ಪೆಟ್ಟು ತಿಂದ ಆ ಹುಡುಗರು ಮೂಲೆ ಸೇರಲಿಲ್ಲ. ಬಿಡಿ ನಾರುಗಳು ಹೊಸೆದುಕೊಂಡವು. ದಲಿತ ಸಂಘರ್ಷ ಸಮಿತಿ ಆ ಬೆಂಕಿಯಿಂದ ಬಂದದ್ದು.

ಆದ್ದರಿಂದ ಗೆಳೆಯರೇ, ‘ತಿರುಚ್ತೀರಿ’ ಅಂದಾಗ ತಲೆ ತಗ್ಗಿಸಬೇಡಿ. ಮೊದಲು ಏನಿತ್ತು, ಈಗ ಏನಾಗಿದೆ, ನಡುವೆ ಕೈ ಹಾಕಿದವರು ಯಾರು ಅಂತ ಕೇಳಿ. ಹಾಗೆ ಕೇಳಬೇಕಾದರೆ ನಮ್ಮ ಮಾತೂ ನೆಟ್ಟಗಿರಬೇಕು. ಎರಡು ಹೊತ್ತು ಊಟ ಹಾಕಲಿಲ್ಲವೋ, ಎರಡು ಅಂತಲೇ ಬರೆಯಿರಿ. ಸಿಟ್ಟಿನಲ್ಲಿ ನಾಲ್ಕು ಅಂತ ಬರೆದರೆ ನಾವೇ ಅವರ ಕೈಗೆ ಹಿಡಿ ಕೊಟ್ಟ ಹಾಗೆ. ತಾರೀಕು ಹಾಕಿ, ನಡೆದದ್ದನ್ನು ನಡೆದ ಹಾಗೆ ಬರೆದು, ಎಲ್ಲರೂ ಸಹಿ ಹಾಕಿ. ಒಬ್ಬನ ಕೈ ತಿರುಚುವುದು ಸುಲಭ. ನೂರು ಕೈ ಹೊಸೆದ ಹಗ್ಗವನ್ನು ಯಾರು ತಿರುಚುತ್ತಾರೋ ನೋಡೋಣ.

ಜೈ ಭೀಮ್.